ಹಿಮದ ನಡುವೆ ಬಾಯಾರಿಕೆ

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಸಂದರ್ಭದಲ್ಲಿ ಕಟ್ಟಿದರೋ ತಿಳಿಯದು. ಧ್ರುವಪ್ರದೇಶಗಳಲ್ಲಿ, ಹಿಮಾಲಯದ ನೆತ್ತಿಯಲ್ಲಿ ಸಂಚರಿಸಿದವರ ವೃತ್ತಾಂತಗಳನ್ನು ಓದುವಾಗಲೆಲ್ಲ ನನಗೆ ಅದೇ ಗಾದೆ ನೆನಪಾಗುತ್ತದೆ. ಕಣ್ಣು ಹಾಯುವಷ್ಟು ದೂರ ಹಿಮ. ಹಿಮವೆಂದರೆ ನೀರೇ ಹೊರತು ಬೇರೇನೂ ಅಲ್ಲ. ಆದರೂ ಅಲ್ಲಿ ನಡೆಯುವ ಮನುಷ್ಯ ಬಾಯಾರಿಕೆಯಿಂದ ಬಳಲುತ್ತಾನೆ. ಬೆನ್ನ ಮೇಲಿನ ಚೀಲದಲ್ಲಿ ಹೊತ್ತ ನೀರು ಮಧ್ಯಾಹ್ನದ ಹೊತ್ತಿಗೆ ಕಲ್ಲಾಗಿರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆ ಬಂತೆಂದರೆ ಹೂಜಿಗೆ ಒದ್ದೆ ಬಟ್ಟೆ ಸುತ್ತಿ ನೀರನ್ನು ತಣ್ಣಗಿಡುವ ಪಾಡು. ಅಲ್ಲಿ ನೀರನ್ನು ನೀರಾಗಿಯೇ ಉಳಿಸಿಕೊಳ್ಳುವ ಪಾಡು. ಈ ಎರಡನೆಯ ಪಾಡಿಗೂ ಒಂದು ಇತಿಹಾಸವುಂಟು. ಶಿಖರಗಳನ್ನು ಗೆದ್ದವರ, ಧ್ರುವಗಳಲ್ಲಿ ಧ್ವಜ ನೆಟ್ಟವರ ಹೆಸರುಗಳನ್ನು ನಾನು ತರಗತಿಯಲ್ಲಿ ನಿಮ್ಮಿಂದ ಬಾಯಿಪಾಠ ಮಾಡಿಸಿದ್ದೇನೆ. ಅವರು ಏನು ಕುಡಿದರು, ಅದನ್ನು ಹೇಗೆ ಸಂಪಾದಿಸಿದರು ಎಂಬುದು ಪಠ್ಯಪುಸ್ತಕದಲ್ಲಿ ಇರಲಿಲ್ಲ. ಇಂದು ಅದನ್ನು ಹೇಳುತ್ತೇನೆ.

ಮೊದಲು ಸ್ವಲ್ಪ ವಿಜ್ಞಾನ ಬೇಕಾಗುತ್ತದೆ. ಸಮಾಜ ವಿಜ್ಞಾನದ ಜತೆಗೆ ವಿಜ್ಞಾನವನ್ನೂ ನಾನೇ ಕಲಿಸಬೇಕಾಗಿದ್ದ ವರ್ಷಗಳಲ್ಲಿ ಓದಿದವರಿಗೆ ಆ ಪ್ರಯೋಗ ನೆನಪಿರಬಹುದು. ಐಸ್ ಕ್ಯಾಂಡಿ ಮಾಡುವವರಿಂದ ಮರದ ಹೊಟ್ಟಿನಲ್ಲಿ ಹುದುಗಿಸಿ ಗೋಣಿಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ತರಿಸಿ, ಪುಡಿ ಮಾಡಿ, ಪಾತ್ರೆಗೆ ಹಾಕಿ, ಉಷ್ಣತಾಮಾಪಕವನ್ನು ಇಳಿಬಿಟ್ಟು, ಕೆಳಗೆ ದೀಪ ಹಚ್ಚುತ್ತಿದ್ದೆವು. ಪಾದರಸ ಸೊನ್ನೆಗೆ ಬಂದು ನಿಂತುಬಿಡುತ್ತಿತ್ತು. ದೀಪ ಉರಿಯುತ್ತಲೇ ಇದೆ, ಶಾಖ ಒಳಗೆ ಹೋಗುತ್ತಲೇ ಇದೆ, ಪಾದರಸ ಮಾತ್ರ ಮೇಲೇಳದು! ಕೊನೆಯ ಚೂರು ಕರಗುವವರೆಗೂ ಅದು ಅಲುಗುತ್ತಿರಲಿಲ್ಲ. ಹಿಂದಿನ ಬೆಂಚಿನವರು ಮಾಪಕ ಕೆಟ್ಟಿದೆಯೆಂದು ತೀರ್ಪು ಕೊಡುತ್ತಿದ್ದರು. ಹೀಗೆ ಕಾಣದೆ ಒಳಸೇರುವ ಶಾಖವನ್ನು ನಾವು ಗುಪ್ತೋಷ್ಣವೆನ್ನುತ್ತೇವೆ. 1760ರ ದಶಕದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದರು. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲರಿ ಶಾಖ ಬೇಕು. ಅಂದರೆ, ಸೊನ್ನೆ ಡಿಗ್ರಿಯ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರನ್ನಾಗಿಸಲು ತಗಲುವ ಶಾಖದಲ್ಲಿ ಅಷ್ಟೇ ತೂಕದ ತಣ್ಣೀರನ್ನು 80 ಡಿಗ್ರಿಯವರೆಗೆ ಕಾಯಿಸಿಬಿಡಬಹುದು.

ಹಿಮ ಪ್ರದೇಶದ ಬಾಯಾರಿಕೆಯ ಗುಟ್ಟೆಲ್ಲ ಈ 80 ಎಂಬ ಅಂಕಿಯಲ್ಲಿದೆ. ಅಲ್ಲಿ ನೀರಿಗೆ ಕೊರತೆಯಿಲ್ಲ, ಶಾಖಕ್ಕೆ ಕೊರತೆ. ಹಾಗಿದ್ದರೆ ಹಿಮವನ್ನೇ ತಿನ್ನಬಹುದಲ್ಲ ಎಂದು ನೀವು ಕೇಳಬಹುದು. ಸೊನ್ನೆಗಿಂತ 30 ಡಿಗ್ರಿ ಕೆಳಗಿರುವ ಒಂದು ಕಿಲೋ ಹಿಮವನ್ನು ನುಂಗಿದರೆ, ಅದನ್ನು ಸೊನ್ನೆಗೆ ತಂದು, ಕರಗಿಸಿ, ಮೈಬಿಸಿಗೆ ಏರಿಸಲು ಶರೀರವು ಸುಮಾರು 130 ಕಿಲೋ ಕ್ಯಾಲರಿಗಳನ್ನು ತೆರಬೇಕು. ಹಸಿದು, ದಣಿದು, ಈಗಾಗಲೇ ನಡುಗುತ್ತಿರುವ ಶರೀರ ಅದು. ಮೇಲಾಗಿ ತುಟಿ, ನಾಲಿಗೆ, ಗಂಟಲು ಹುಣ್ಣಾಗುತ್ತವೆ. ಆದ್ದರಿಂದ ಹಿಮ ತಿನ್ನಬೇಡವೆಂಬ ಮಾತು ಚಳಿನಾಡುಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ಚಳಿಯಲ್ಲಿ ನೀರೇಕೆ ಅಷ್ಟು ಬೇಕು ಎಂಬ ಸಂದೇಹವೂ ಸಹಜವೇ. ಬೆವರು ಕಣ್ಣಿಗೆ ಕಾಣುತ್ತದೆ. ಉಸಿರಿನಲ್ಲಿ ಹೋಗುವ ನೀರು ಕಾಣುವುದಿಲ್ಲ. ಕೊರೆಯುವ ಗಾಳಿಯಲ್ಲಿ ತೇವವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಒಳಗೆಳೆದುಕೊಂಡ ಆ ಒಣ ಗಾಳಿಯನ್ನು ಶ್ವಾಸಕೋಶ ಬಿಸಿ ಮಾಡಿ, ತೇವಗೊಳಿಸಿ ಹೊರಬಿಡುತ್ತದೆ. ಎತ್ತರ ಹೆಚ್ಚಿದಂತೆ ಉಸಿರಾಟವೂ ಹೆಚ್ಚುತ್ತದೆ, ಅದರೊಡನೆ ನೀರಿನ ನಷ್ಟವೂ ಹೆಚ್ಚುತ್ತದೆ. ಚಳಿಗೆ ಮೂತ್ರವೂ ಹೆಚ್ಚು. ಸಾಲದುದಕ್ಕೆ, ಚಳಿಯು ಬಾಯಾರಿಕೆಯ ಅರಿವನ್ನೇ ಮೊಂಡಾಗಿಸುತ್ತದೆ. ನೀರು ಬೇಕೆಂದು ಶರೀರ ಕೂಗುವುದನ್ನು ಬಿಟ್ಟ ಮೇಲೆಯೇ ಅದಕ್ಕೆ ನೀರು ತುಂಬ ಬೇಕಾಗಿರುತ್ತದೆ.

ಉತ್ತರ ಧ್ರುವದ ಅಂಚಿನ ಇನೂಯಿಟ್ ಜನರಿಗೆ ಇದೆಲ್ಲ ಪುಸ್ತಕದ ವಿದ್ಯೆಯಾಗಿರಲಿಲ್ಲ. ಅವರ ಮನೆಯ ನಡುವೆ ಮೆದುಕಲ್ಲಿನಲ್ಲಿ ಕೆತ್ತಿದ ಅರ್ಧಚಂದ್ರಾಕಾರದ ದೀಪವೊಂದು ಇರುತ್ತಿತ್ತು. ಅದಕ್ಕೆ ಕುಲ್ಲಿಕ್ ಎಂದು ಹೆಸರು. ಸೀಲ್ ಪ್ರಾಣಿಯ ಕೊಬ್ಬೇ ಎಣ್ಣೆ, ಪಾಚಿಯೋ ಹತ್ತಿಹುಲ್ಲಿನ ಎಳೆಯೋ ಬತ್ತಿ. ಬೆಳಕಿಗೂ ಅದೇ, ಅಡುಗೆಗೂ ಅದೇ, ಒದ್ದೆ ಪಾದರಕ್ಷೆ ಒಣಗಿಸಲೂ ಅದೇ, ಕುಡಿಯುವ ನೀರಿಗೂ ಅದೇ. ಆ ದೀಪದ ಹೊಣೆ ಮನೆಯ ಹೆಂಗಸಿನದು. ಸೀಲ್ ಬೇಟೆ ಕೈಕೊಟ್ಟಿತೆಂದರೆ ಹೊಟ್ಟೆಗೂ ಇಲ್ಲ, ದೀಪಕ್ಕೂ ಇಲ್ಲ, ದೀಪವಿಲ್ಲವಾದರೆ ನೀರೂ ಇಲ್ಲ. ಪ್ರಯಾಣ ಹೊರಟಾಗ ತೊಗಲಿನ ಸಣ್ಣ ಚೀಲದಲ್ಲಿ ನೀರನ್ನು ತುಂಬಿ ಅಂಗಿಯ ಒಳಗೆ, ಮೈಗೆ ತಾಗುವಂತೆ ಇಟ್ಟುಕೊಳ್ಳುತ್ತಿದ್ದರು. ವರ್ಷ ಕಳೆದ ಸಮುದ್ರದ ಮಂಜುಗಡ್ಡೆಯಿಂದ ಉಪ್ಪು ಇಳಿದುಹೋಗಿ ಅದು ಕುಡಿಯಲು ಯೋಗ್ಯವಾಗುತ್ತದೆ, ಹೊಸದು ಆಗುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಯುರೋಪಿನವರು ಈ ಪಾಠಗಳನ್ನು ಒಂದೊಂದಾಗಿ ಕಲಿಯಬೇಕಾಯಿತು. ಕಲಿಯಲು ಮನಸ್ಸಿದ್ದವರು ಬೇಗ ಕಲಿತರು.

ಹಾಗೆ ಕಲಿತವರಲ್ಲಿ ಮೊದಲಿಗನೆಂದು ನಾನು ಎಣಿಸುವುದು ನಾರ್ವೆಯ ಫ್ರಿಡ್ಟ್ಯೋಫ್ ನಾನ್ಸೆನ್‌ರನ್ನು. 1888ರಲ್ಲಿ, ಇಪ್ಪತ್ತಾರು ವರ್ಷದ ಈ ಪ್ರಾಣಿಶಾಸ್ತ್ರಜ್ಞ ಐವರು ಸಂಗಡಿಗರೊಡನೆ ಗ್ರೀನ್‌ಲ್ಯಾಂಡಿನ ಹಿಮಪ್ರಸ್ಥಭೂಮಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದರು. ಅದುವರೆಗೆ ಯಾರೂ ಅದನ್ನು ದಾಟಿರಲಿಲ್ಲ. ಸಂಗಡಿಗರಲ್ಲಿ ಇಬ್ಬರು, ಬಾಲ್ಟೋ ಮತ್ತು ರಾವ್ನಾ, ಉತ್ತರ ನಾರ್ವೆಯ ಸಾಮಿ ಜನಾಂಗದವರು. ಆಗಸ್ಟ್ ಮಧ್ಯದಲ್ಲಿ ಕರಾವಳಿಯನ್ನು ಬಿಟ್ಟವರು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಇನ್ನೊಂದು ಅಂಚನ್ನು ತಲುಪಿದರು. ನಡುವೆ 2,700 ಮೀಟರಿಗೂ ಹೆಚ್ಚು ಎತ್ತರ, ರಾತ್ರಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ. ಜಾರುಬಂಡಿಗಳನ್ನು ಎಳೆದದ್ದು ನಾಯಿಗಳಲ್ಲ, ಅವರೇ.

ಅವರ ಬಳಿ ಇದ್ದದ್ದು ಮದ್ಯಸಾರದಿಂದ ಉರಿಯುವ ಒಲೆ. ಇಂಧನ ಅಳೆದು ತಂದದ್ದು. ಬೆಳಿಗ್ಗೆ ಮತ್ತು ರಾತ್ರಿ ಊಟದ ಹೊತ್ತಿಗೆ ಮಾತ್ರ ಒಲೆ ಹಚ್ಚುತ್ತಿದ್ದರು. ಇಡೀ ಹಗಲು ಬಂಡಿ ಎಳೆಯುವವರಿಗೆ ಅದು ಎಲ್ಲಿ ಸಾಲಬೇಕು? ಆಗ ಅವರು ಚಪ್ಪಟೆಯಾದ ತಗಡಿನ ಸೀಸೆಗಳಲ್ಲಿ ಹಿಮವನ್ನು ತುಂಬಿ, ಅಂಗಿಯೊಳಗೆ ಎದೆಗೆ ಒತ್ತಿಕೊಂಡು ನಡೆದರು. ಮೈಯ ಬಿಸಿಗೆ ಒಳಗಿನ ಹಿಮ ನಿಧಾನವಾಗಿ ಕರಗುವುದು. ಕರಗಿದ ಕೆಲವು ಗುಟುಕುಗಳೇ ಹಗಲಿನ ನೀರು. ತಾಯಿ ಕೂಸನ್ನು ಸೆರಗಿನೊಳಗೆ ಇಟ್ಟುಕೊಂಡಂತೆ ಆರು ಜನ ಗಂಡಸರು ತಗಡಿನ ಸೀಸೆಗಳನ್ನು ಎದೆಯಲ್ಲಿಟ್ಟುಕೊಂಡು ಸಾವಿರಾರು ಅಡಿ ದಪ್ಪದ ಹಿಮದ ಮೇಲೆ ನಡೆದರು. ಕೊನೆಗೆ ಪಶ್ಚಿಮದ ಇಳಿಜಾರಿನಲ್ಲಿ ನಿಜವಾದ ನೀರು ನಿಂತ ಹೊಂಡ ಕಂಡಾಗ ಹೊಟ್ಟೆ ಬಿರಿಯುವಂತೆ ಕುಡಿದರೆಂದು ನಾನ್ಸೆನ್ ತಮ್ಮ ಪ್ರವಾಸಕಥನದಲ್ಲಿ ಬರೆದಿದ್ದಾರೆ.

ಅನುಭವಿಸಿದ ಕಷ್ಟವನ್ನು ಕಥೆಯಾಗಿ ಹೇಳಿ ಮುಗಿಸುವವರು ಬಹಳ. ನಾನ್ಸೆನ್ ಅದರಿಂದ ಒಂದು ಪಾತ್ರೆ ಮಾಡಿದರು. ನಾನ್ಸೆನ್ ಕುಕ್ಕರ್ ಎಂದು ಮುಂದೆ ಹೆಸರಾದ ಆ ಸಾಧನದಲ್ಲಿ ನಡುವೆ ಅಡುಗೆಯ ಪಾತ್ರೆ. ಅದರ ಸುತ್ತ ಉಂಗುರದಂತೆ ಹಿಮ ತುಂಬುವ ಇನ್ನೊಂದು ಪಾತ್ರೆ. ಮೇಲೆ ಮುಚ್ಚಳದಂತೆ ಹಿಮದ ಮತ್ತೊಂದು ಪಾತ್ರೆ. ಎಲ್ಲವನ್ನೂ ಮುಚ್ಚುವ ಹೊರಕವಚ. ಒಲೆಯ ಬಿಸಿಗಾಳಿ ಅಡುಗೆಯ ಪಾತ್ರೆಯನ್ನು ಕಾಯಿಸಿ, ಸುತ್ತಲಿನ ಹಿಮವನ್ನು ಕರಗಿಸಿ, ಮೇಲಿನದನ್ನೂ ಸವರಿಕೊಂಡು ಆ ಬಳಿಕವಷ್ಟೇ ಹೊರಹೋಗಬೇಕು. ನಮ್ಮ ಹಳೆಯ ಮನೆಗಳಲ್ಲಿ ಅಡುಗೆ ಒಲೆಯ ಹಿಂದೆ ಕೋಡೊಲೆಯಿಟ್ಟು, ಮುಂದಿನ ಒಲೆಯಲ್ಲಿ ಅನ್ನ ಬೇಯುವಾಗಲೇ ಹಿಂದಿನದರ ಮೇಲೆ ನೀರು ಕಾಯಿಸುತ್ತಿದ್ದರಲ್ಲ, ಬುದ್ಧಿ ಅದೇ.

ಒಲೆಯೂ ಬದಲಾಯಿತು. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬವರು ಪ್ರೈಮಸ್ ಎಂಬ ಸೀಮೆಎಣ್ಣೆಯ ಒಲೆಯನ್ನು ತಂದರು. ಪಂಪು ಹೊಡೆದು ಗಾಳಿ ತುಂಬಿದರೆ ಎಣ್ಣೆ ಕಾದ ನಳಿಗೆಯಲ್ಲಿ ಆವಿಯಾಗಿ ನೀಲಿ ಜ್ವಾಲೆಯಲ್ಲಿ ಉರಿಯುವುದು. ಮಸಿ ಕಡಿಮೆ, ಶಾಖ ಅಪಾರ. ನಾನ್ಸೆನ್ 1893ರಿಂದ 1896ರವರೆಗಿನ ತಮ್ಮ ಉತ್ತರಧ್ರುವ ಯಾತ್ರೆಗೆ ಅದನ್ನೇ ಒಯ್ದರು. ಈ ಒಲೆಯ ಪರಿಚಯವನ್ನು ನಾನು ನಿಮಗೆ ಮಾಡಿಕೊಡಬೇಕಾಗಿಲ್ಲ. ಹಿತ್ತಾಳೆಯ ಹೊಟ್ಟೆ, ಮೂರು ಕಾಲು, ರಂಧ್ರ ಕಟ್ಟಿದರೆ ಚುಚ್ಚಲು ತಗಡಿನ ಹಿಡಿಯ ಪಿನ್ನು, ಹತ್ತಿದಾಗ ಪಕ್ಕದ ಮನೆಗೂ ಕೇಳುವ ಭೋರ್ ಎಂಬ ಸದ್ದು. ಗ್ಯಾಸು ಬರುವ ಮುಂಚೆ ನಮ್ಮ ಅಮ್ಮಂದಿರು, ಅತ್ತಿಗೆಯರು ಬೆಳಗಿನ ಕಾಫಿಗೆ ಹಚ್ಚುತ್ತಿದ್ದ ಪಂಪ್ ಸ್ಟೋವು ಈ ವಂಶದ್ದೇ. ನಾನ್ಸೆನ್‌ರ ಡೇರೆಯಲ್ಲೂ ಎವರೆಸ್ಟಿನ ಕೊನೆಯ ಶಿಬಿರದಲ್ಲೂ ಅದೇ ಸದ್ದು ಕೇಳಿದೆ.

ಒಲೆ ಎಷ್ಟೇ ಒಳ್ಳೆಯದಿದ್ದರೂ ಎಣ್ಣೆ ಇಲ್ಲದಿದ್ದರೆ ಅದು ಬರಿಯ ಹಿತ್ತಾಳೆ. ಕ್ಯಾಪ್ಟನ್ ಸ್ಕಾಟ್‌ರ ದುರಂತವನ್ನು ಪಾಠ ಮಾಡುವಾಗ ನಾವು ಚಳಿ, ಹಸಿವು, ಬಿರುಗಾಳಿಗಳ ಮಾತನ್ನಾಡುತ್ತೇವೆ. 1912ರ ಜನವರಿ 17ರಂದು ದಕ್ಷಿಣಧ್ರುವವನ್ನು ಮುಟ್ಟಿ, ಅಮುಂಡ್ಸೆನ್ ತಮಗಿಂತ ತಿಂಗಳಿಗೂ ಮುಂಚೆ ಅಲ್ಲಿಗೆ ಬಂದುಹೋದದ್ದನ್ನು ಕಂಡು, ಸ್ಕಾಟ್ ಮತ್ತು ನಾಲ್ವರು ಸಂಗಡಿಗರು ಹಿಂದಿರುಗುತ್ತಿದ್ದರು. ದಾರಿಯುದ್ದಕ್ಕೂ ಮೊದಲೇ ಹೂತಿಟ್ಟ ಉಗ್ರಾಣಗಳಿದ್ದವು. ಒಂದೊಂದನ್ನು ತಲುಪಿದಾಗಲೂ ಸೀಮೆಎಣ್ಣೆಯ ಡಬ್ಬಗಳಲ್ಲಿ ಇರಬೇಕಾದಷ್ಟು ಎಣ್ಣೆ ಇರಲಿಲ್ಲ. ಡಬ್ಬಗಳ ಬಾಯಿಗೆ ಹಾಕಿದ್ದ ತೊಗಲಿನ ಬಿಲ್ಲೆಗಳು ಚಳಿಗೆ ಸೆಡೆತು, ಸಂದಿನಲ್ಲಿ ಎಣ್ಣೆ ಆವಿಯಾಗಿ ಸೋರಿಹೋಗಿತ್ತು. ಅಮುಂಡ್ಸೆನ್ ಹಿಂದಿನ ಯಾತ್ರೆಗಳಿಂದ ಈ ಪೀಡೆಯನ್ನು ತಿಳಿದಿದ್ದು, ತಮ್ಮ ಡಬ್ಬಗಳ ಬಾಯಿಯನ್ನು ಬೆಸುಗೆ ಹಾಕಿಸಿದ್ದರು. ಎರಡು ತಂಡಗಳ ನಡುವಿನ ಅಂತರಕ್ಕೆ ನಾಯಿಗಳು, ಹಿಮಪಾದುಕೆಗಳು, ದಾರಿಯ ಆಯ್ಕೆ, ಆ ವರ್ಷದ ಹವೆ ಎಂದು ಹಲವು ಕಾರಣಗಳುಂಟು; ಬೆಸುಗೆಯೊಂದೇ ಅಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಎಣ್ಣೆ ಇಲ್ಲವೆಂದರೆ ಬಿಸಿಯೂಟ ಇಲ್ಲವೆಂದಷ್ಟೇ ನಾವು ತಿಳಿಯುತ್ತೇವೆ. ನೀರೂ ಇಲ್ಲವೆಂಬುದು ಹೊಳೆಯುವುದೇ ಇಲ್ಲ. ಮಾರ್ಚ್ ಕೊನೆಯಲ್ಲಿ, ಆಹಾರವೂ ಎಣ್ಣೆಯೂ ಇದ್ದ ದೊಡ್ಡ ಉಗ್ರಾಣಕ್ಕೆ ಇನ್ನು 11 ಮೈಲಿ ಇರುವಾಗ ಬಿರುಗಾಳಿ ಅವರನ್ನು ಡೇರೆಯಲ್ಲಿ ಕಟ್ಟಿಹಾಕಿತು. ಆಗ ಉಳಿದಿದ್ದವರು ಮೂವರು. ತಲಾ ಎರಡು ಬಟ್ಟಲು ಚಹಾ ಮಾಡುವಷ್ಟು ಇಂಧನ ತಮ್ಮಲ್ಲಿತ್ತೆಂದು ಸ್ಕಾಟ್ ತಮ್ಮ ಕಟ್ಟಕಡೆಯ ದಿನಚರಿಯಲ್ಲಿ ಲೆಕ್ಕ ಬರೆದಿಟ್ಟಿದ್ದಾರೆ. ಆ ಲೆಕ್ಕದಲ್ಲಿ ಚಹಾ ಎಂಬುದನ್ನು ನಾನು ನೀರು ಎಂದೇ ಓದುತ್ತೇನೆ.

ಅಷ್ಟು ಹೊತ್ತಿಗೆ ಇನ್ನೊಂದು ವಸ್ತು ಬಳಕೆಗೆ ಬಂದಿತ್ತು. 1892ರಲ್ಲಿ, ಅಂದರೆ ಪ್ರೈಮಸ್ ಒಲೆ ಹುಟ್ಟಿದ ವರ್ಷವೇ, ಲಂಡನ್ನಿನಲ್ಲಿ ಜೇಮ್ಸ್ ಡ್ಯೂವರ್ ಎರಡು ಗೋಡೆಗಳ ನಡುವೆ ನಿರ್ವಾತವಿರುವ ಗಾಜಿನ ಪಾತ್ರೆಯನ್ನು ಮಾಡಿದರು. ಅವರಿಗೆ ಬೇಕಾಗಿದ್ದುದು ದ್ರವರೂಪದ ಅನಿಲಗಳನ್ನು ತಣ್ಣಗಿಡುವ ಪಾತ್ರೆ. ಜರ್ಮನಿಯ ರೈನ್‌ಹೋಲ್ಡ್ ಬರ್ಗರ್ ಅದನ್ನು ಮನೆಬಳಕೆಗೆ ತಕ್ಕಂತೆ ತಿದ್ದಿದರು, ಥರ್ಮಾಸ್ ಎಂಬ ಹೆಸರು ಬಂತು. ತಣ್ಣಗಿಡಲು ಹುಟ್ಟಿದ್ದು ಬಿಸಿಯಾಗಿಡಲು ಪ್ರಸಿದ್ಧವಾಯಿತು. ಐಸ್ ಕ್ಯಾಂಡಿಯವರ ಮರದ ಹೊಟ್ಟೂ ಹೀಗೆಯೇ: ಒಳಗಿನ ಮಂಜುಗಡ್ಡೆಯನ್ನು ಕರಗಗೊಡದ ಹೊಟ್ಟು, ಒಳಗಿನ ನೀರನ್ನು ಹೆಪ್ಪುಗಟ್ಟಗೊಡದೆಯೂ ಕಾಯಬಲ್ಲದು.

1924ರ ಜೂನ್ 4ರ ಬೆಳಗ್ಗೆ, ಎವರೆಸ್ಟಿನ ಉತ್ತರ ಮುಖದಲ್ಲಿ ಸುಮಾರು 8,170 ಮೀಟರ್ ಎತ್ತರದ ಡೇರೆಯಲ್ಲಿ ಎಡ್ವರ್ಡ್ ನಾರ್ಟನ್ ಮತ್ತು ಹೋವರ್ಡ್ ಸಾಮರ್ವೆಲ್ ಎಂಬ ಇಬ್ಬರು ಹೊರಡಲು ಸಿದ್ಧರಾಗಿದ್ದರು. ನೋಡಿದರೆ, ರಾತ್ರಿ ತುಂಬಿಟ್ಟಿದ್ದ ಥರ್ಮಾಸೊಂದರ ಬಿರಡೆ ಕಳಚಿ ಬಿಸಿ ಪಾನೀಯವೆಲ್ಲ ಹಾಸಿಗೆಯಲ್ಲಿ ಚೆಲ್ಲಿಹೋಗಿದೆ. ಹೊರಗೆ ಹೋಗಿ ಹಿಮ ತಂದು, ಕರಗಿಸಿ, ಮತ್ತೆ ಕಾಯಿಸದೆ ವಿಧಿಯಿರಲಿಲ್ಲ. ಆ ಎತ್ತರದಲ್ಲಿ ಒಂದು ಪಾತ್ರೆ ಹಿಮ ಕರಗುವುದೆಂದರೆ ಕ್ಷಣದ ಕೆಲಸವಲ್ಲ. ಅಂತೂ ಹೊರಟರು. ಒಣ ಗಾಳಿಯನ್ನು ಏದುತ್ತ ಏದುತ್ತ ಸಾಮರ್ವೆಲ್‌ರ ಗಂಟಲಿನ ಒಳಪೊರೆಯೇ ಹಿಮದಿಂದ ಸುಟ್ಟಂತಾಗಿತ್ತು. ಇಳಿಯುವಾಗ ಅದು ಕಳಚಿ ಉಸಿರಿನ ದಾರಿಗೆ ಅಡ್ಡ ಬಂದು, ಕೂಗಲೂ ಆಗದೆ ಕುಳಿತು, ಎರಡೂ ಕೈಗಳಿಂದ ಎದೆಯನ್ನು ಒತ್ತಿ ಕೆಮ್ಮಿ ಅದನ್ನು ಹೊರಹಾಕಿ ಅವರು ಬದುಕಿದರು. ನಾರ್ಟನ್ ಒಬ್ಬರೇ ಮುಂದುವರಿದು ಆಮ್ಲಜನಕದ ಸಹಾಯವಿಲ್ಲದೆ 8,570 ಮೀಟರಿನ ಆಸುಪಾಸಿಗೆ ಏರಿ ಹಿಂದಿರುಗಿದರು. ಇಲ್ಲಿ ಒಂದು ಮಾತು ಸೇರಿಸಬೇಕು. ಈ ಸಾಮರ್ವೆಲ್ ಶಸ್ತ್ರವೈದ್ಯರು. ನಮ್ಮ ದಕ್ಷಿಣದ ತಿರುವಾಂಕೂರು ಸೀಮೆಯ ನೆಯ್ಯೂರಿನ ಆಸ್ಪತ್ರೆಯಲ್ಲಿ ದಶಕಗಳ ಕಾಲ ರೋಗಿಗಳ ಸೇವೆ ಮಾಡಿದವರು.

ಮುಂದಿನದು 1952ರ ಮೇ 27ರ ರಾತ್ರಿ. ಸ್ವಿಟ್ಜರ್ಲೆಂಡಿನ ರೇಮಂಡ್ ಲ್ಯಾಂಬರ್ಟ್ ಮತ್ತು ನಮ್ಮ ತೇನ್‌ಸಿಂಗ್ ನೋರ್ಗೆ ಎವರೆಸ್ಟಿನ ಆಗ್ನೇಯ ಏಣಿನ ಮೇಲೆ ಸುಮಾರು 8,400 ಮೀಟರ್ ಎತ್ತರದಲ್ಲಿ ಒಂದು ಸಣ್ಣ ಡೇರೆಯಲ್ಲಿ ಉಳಿದರು. ಹವೆ ಚೆನ್ನಾಗಿದೆ, ನಾಳೆ ಮೇಲೇರಬಹುದೆಂದು ಅಲ್ಲಿಯೇ ನಿಂತವರು. ಮಲಗುವ ಚೀಲವಿಲ್ಲ, ಒಲೆಯಿಲ್ಲ. ಇದ್ದದ್ದು ಒಂದು ಮೇಣದಬತ್ತಿ ಮತ್ತು ಒಂದು ಖಾಲಿ ತಗಡಿನ ಡಬ್ಬಿ. ಆ ಬತ್ತಿಯ ಜ್ವಾಲೆಯ ಮೇಲೆ ಡಬ್ಬಿ ಹಿಡಿದು ಹಿಮದ ಚೂರುಗಳನ್ನು ಕರಗಿಸಿ, ಗಂಟಲು ತೇವವಾಗುವಷ್ಟು ನೀರನ್ನು ಇಬ್ಬರೂ ಹಂಚಿಕೊಂಡರು. ಹೆಪ್ಪುಗಟ್ಟಿ ಹೋಗಬಾರದೆಂದು ರಾತ್ರಿಯಿಡೀ ಒಬ್ಬರನ್ನೊಬ್ಬರು ತಟ್ಟುತ್ತ, ಉಜ್ಜುತ್ತ ಕಳೆದರು. ಬೆಳಗಾದ ಮೇಲೆ ಏರುತ್ತ, ತೆವಳುತ್ತ ಸುಮಾರು 8,600 ಮೀಟರಿನವರೆಗೆ ಹೋದರು. ಅಂದಿನ ಮಟ್ಟಿಗೆ ಮನುಷ್ಯ ಪರ್ವತದ ಮೇಲೆ ಕಾಲಿಟ್ಟ ಅತ್ಯುನ್ನತ ಸ್ಥಾನ ಅದು. ಶಿಖರ ಇನ್ನೂ 250 ಮೀಟರಿನಷ್ಟು ಮೇಲಿತ್ತು. ಅವರ ಆಮ್ಲಜನಕದ ಯಂತ್ರ ನಡೆಯುವಾಗ ಕೆಲಸ ಮಾಡುತ್ತಿರಲಿಲ್ಲವೆಂಬುದು ದೊಡ್ಡ ಕಾರಣ, ನಿಜ. ಮೇಣದಬತ್ತಿಯ ನೀರು ಅದಕ್ಕಿಂತ ಚಿಕ್ಕ ಕಾರಣವೆಂದು ನನಗೆ ತೋರುವುದಿಲ್ಲ.

ಹೀಗೆ ತೋರಿದ ಇನ್ನೊಬ್ಬರಿದ್ದರು. ಗ್ರಿಫಿತ್ ಪ್ಯೂ ಎಂಬ ಬ್ರಿಟಿಷ್ ಶರೀರಕ್ರಿಯಾಶಾಸ್ತ್ರಜ್ಞರು. 1952ರಲ್ಲಿ ಚೋ ಓಯು ಪರ್ವತಕ್ಕೆ ಹೋದ ತಂಡದೊಡನೆ ಹೋಗಿ, ಏರುವವರ ಉಸಿರು, ಊಟ, ನೀರು ಎಲ್ಲವನ್ನೂ ಅಳೆದು ಬರೆದುಕೊಂಡರು. ಸ್ವಿಸ್ ತಂಡದ ಅನುಭವವನ್ನೂ ತೂಗಿ ನೋಡಿದರು. ಎತ್ತರದಲ್ಲಿ ಏರುವವನಿಗೆ ದಿನಕ್ಕೆ ಕನಿಷ್ಠ ಮೂರು ಲೀಟರಿನಷ್ಟು ದ್ರವ ಬೇಕು. ಹಿಂದಿನ ತಂಡಗಳವರು ಅದರ ಸಣ್ಣ ಪಾಲನ್ನೂ ಕುಡಿಯುತ್ತಿರಲಿಲ್ಲ. ಅವರ ಬಳಲಿಕೆಯಲ್ಲಿ ಬಾಯಾರಿಕೆಯ ಪಾಲು ದೊಡ್ಡದು ಎಂಬುದು ಅವರ ನಿರ್ಣಯ. ಮೂರು ಲೀಟರು ನೀರೆಂದರೆ ಅಷ್ಟು ಹಿಮ, ಅಷ್ಟು ಹಿಮವೆಂದರೆ ಅಷ್ಟು ಎಣ್ಣೆ, ಅಷ್ಟು ಎಣ್ಣೆಯನ್ನು ಹೊರಲು ಅಷ್ಟು ಶೆರ್ಪಾಗಳು, ಅವರ ಊಟಕ್ಕೆ, ನೀರಿಗೆ ಮತ್ತೆ ಎಣ್ಣೆ. ತಂಡದ ನಾಯಕ ಜಾನ್ ಹಂಟ್ ಈ ಲೆಕ್ಕವನ್ನು ಒಪ್ಪಿದರು. ಎತ್ತರದ ತೆಳುಗಾಳಿಯಲ್ಲಿಯೂ ಚೆನ್ನಾಗಿ ಉರಿಯುವಂತೆ ಪ್ರೈಮಸ್ ಒಲೆಗಳನ್ನು ತಿದ್ದಿಸಿ, ಅವಕ್ಕೆ ಶಾಖ ಪೋಲಾಗದ ಪಾತ್ರೆಗಳನ್ನು ಹೊಂದಿಸಲಾಯಿತು.

ಫಲಿತಾಂಶವನ್ನು ಹಿಲರಿಯವರ ವೃತ್ತಾಂತದಲ್ಲಿಯೇ ನೋಡಬಹುದು. 1953ರ ಮೇ 28ರ ಸಂಜೆ, ಸುಮಾರು 8,500 ಮೀಟರ್ ಎತ್ತರದ ಒಂಬತ್ತನೆಯ ಶಿಬಿರದಲ್ಲಿ ತೇನ್‌ಸಿಂಗ್ ಒಲೆ ಹಚ್ಚಿ ಸಾರು ಕಾಯಿಸಿದರು. ಸಾರು ಕುಡಿದರು, ಸಕ್ಕರೆ ಹಾಕಿದ ನಿಂಬೆಯ ಪಾನಕವನ್ನು ಬೇಕಾದಷ್ಟು ಕುಡಿದರು. ಡಬ್ಬಿಯಲ್ಲಿ ಕಲ್ಲಾಗಿದ್ದ ಏಪ್ರಿಕಾಟ್ ಹಣ್ಣನ್ನು ಒಲೆಯ ಮೇಲಿಟ್ಟು ಕರಗಿಸಿ ತಿಂದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದಾಗ ಡೇರೆಯೊಳಗೆ ಸೊನ್ನೆಗಿಂತ 27 ಡಿಗ್ರಿ ಕೆಳಗಿತ್ತು. ಮೊದಲು ಮಾಡಿದ ಕೆಲಸವೆಂದರೆ ಒಲೆ ಹಚ್ಚಿ ಮತ್ತಷ್ಟು ಪಾನಕ ಮಾಡಿ ಕುಡಿದದ್ದು. ರಾತ್ರಿ ಕಳಚಿಟ್ಟಿದ್ದ ಹಿಲರಿಯವರ ಬೂಟುಗಳು ಮರದ ಕೊರಡಿನಂತಾಗಿದ್ದವು. ಅವನ್ನೂ ಅದೇ ಒಲೆಯ ಜ್ವಾಲೆಗೆ ಹಿಡಿದು ಮೆದು ಮಾಡಿದರು. ಆರೂವರೆಗೆ ಹೊರಟರು. ಹನ್ನೊಂದೂವರೆಗೆ ಶಿಖರದ ಮೇಲಿದ್ದರು. ಹಿಂದಿನ ವರ್ಷ ಮೇಣದಬತ್ತಿಯ ಮುಂದೆ ಕುಳಿತಿದ್ದ ತೇನ್‌ಸಿಂಗ್‌ರಿಗೆ ಈ ವರ್ಷದ ಒಲೆಯ ಸದ್ದು ಹೇಗೆ ಕೇಳಿಸಿರಬೇಕು! ಇಳಿದು ಬರುವಾಗ ಅವರನ್ನು ಎದುರುಗೊಂಡ ಜಾರ್ಜ್ ಲೋ ಕೈಯಲ್ಲಿ ಇದ್ದದ್ದೂ ಬಿಸಿ ಸಾರಿನ ಫ್ಲಾಸ್ಕೇ. ಪ್ಯೂ ಅವರ ಹೆಸರು ಮಾತ್ರ ವರದಿಯ ಅನುಬಂಧದ ಪುಟಗಳಲ್ಲಿ ಉಳಿದುಹೋಯಿತು. 2013ರಲ್ಲಿ ಅವರ ಮಗಳು ಹ್ಯಾರಿಯೆಟ್ ಟಕೀ ತಂದೆಯ ಚರಿತ್ರೆಯನ್ನು ಬರೆದು ಪ್ರಕಟಿಸಿದ ಮೇಲೆ ಅವರಿಗೆ ಸಲ್ಲಬೇಕಾದ ಮನ್ನಣೆ ಒಂದಿಷ್ಟು ಸಂದಿತು.

ಇಷ್ಟನ್ನೆಲ್ಲ ಬರೆಯಲು ಒಂದು ನೆಪವೂ ಇದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಗೆಳತಿಯರೊಡನೆ ಚಳಿಗಾಲದಲ್ಲಿ ಹಿಮಾಲಯದ ಚಾರಣಕ್ಕೆ ಹೋಗುವ ಹವ್ಯಾಸ ಬೆಳೆಸಿಕೊಂಡಿದ್ದಾಳೆ. ಉತ್ತರಾಖಂಡದ ಕೇದಾರಕಂಠಕ್ಕೆ ಜನವರಿಯಲ್ಲಿ ಹೋದಾಗ, ನಸುಕಿನಲ್ಲಿ ಶಿಖರಕ್ಕೆ ಹೊರಟ ಒಂದು ಗಂಟೆಯಲ್ಲಿಯೇ ಬಾಟಲಿಯ ಮುಚ್ಚಳ ತೆರೆಯಲಾಗದಂತೆ ಅಂಟಿಕೊಂಡು, ಇಡೀ ಬೆಳಗ್ಗೆ ನೀರಿಲ್ಲದೆ ತಲೆನೋವಿನಲ್ಲಿ ಒದ್ದಾಡಿದೆನೆಂದು ಬರೆದಿದ್ದಳು. "ಮೇಷ್ಟ್ರೇ, ನೀವು ಗುಪ್ತೋಷ್ಣ ಹೇಳಿಕೊಟ್ಟಿರಿ, ಬಾಟಲಿ ಹಿಡಿಯುವುದು ಹೇಳಿಕೊಡಲಿಲ್ಲ" ಎಂದು ತಮಾಷೆಯನ್ನೂ ಮಾಡಿದ್ದಳು. ನಾನು ಹಿಮ ತುಳಿದವನಲ್ಲ. ಆದರೆ ಮೇಲೆ ಹೇಳಿದವರ ಅನುಭವದಲ್ಲಿ ಅವಳಿಗೆ ಬೇಕಾದ ಉತ್ತರವೆಲ್ಲ ಇದೆ.

ಬಾಟಲಿಯನ್ನು ತಲೆಕೆಳಗಾಗಿ ಇಡು ಎಂದು ಮೊದಲು ಬರೆದೆ. ನೀರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ. ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೇರುತ್ತದೆ. ಕೆರೆ ಹೆಪ್ಪುಗಟ್ಟುವಾಗ ಮೇಲಿನಿಂದ ಹೆಪ್ಪುಗಟ್ಟಿ ಕೆಳಗೆ ಮೀನುಗಳು ಬದುಕಿರುವುದು ಇದರಿಂದಲೇ. ಬಾಟಲಿಯೂ ಒಂದು ಪುಟ್ಟ ಕೆರೆ. ನೆಟ್ಟಗಿಟ್ಟರೆ ಬಾಯಿಯ ಬಳಿಯೇ ಮೊದಲು ಹೆಪ್ಪುಗಟ್ಟುತ್ತದೆ. ಬೋರಲಿಟ್ಟರೆ ಮಂಜು ತಳದ ಕಡೆ ಸೇರಿ ಬಾಯಿ ತೆರೆದಿರುತ್ತದೆ. ಅದಕ್ಕೆ ಮುಚ್ಚಳ ಬಿಗಿಯಾಗಿರಬೇಕು, ನಾರ್ಟನ್‌ರ ಬಿರಡೆಯನ್ನು ನೆನೆಯಬೇಕು. ಬಾಯಿ ಅಗಲವಾಗಿರಲಿ, ಅಂಚಿನವರೆಗೆ ತುಂಬದಿರಲಿ, ಏಕೆಂದರೆ ಹೆಪ್ಪುಗಟ್ಟಿದ ನೀರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಹೊರಡುವಾಗ ತಣ್ಣೀರನ್ನಲ್ಲ, ಬಿಸಿನೀರನ್ನೇ ತುಂಬಿ ಉಣ್ಣೆಯ ದಪ್ಪ ಕಾಲುಚೀಲದೊಳಗೆ ಬಾಟಲಿಯನ್ನಿಟ್ಟು, ಒಂದನ್ನಾದರೂ ಮೇಲಂಗಿಯ ಒಳಗೆ ಇಟ್ಟುಕೊಳ್ಳಬೇಕು. ನಾನ್ಸೆನ್ ಮಾಡಿದ್ದೂ ಅದನ್ನೇ. ಈಗಿನವರು ಬೆನ್ನಚೀಲದಿಂದ ಕೊಳವೆಯ ಮೂಲಕ ನೀರು ಹೀರುತ್ತಾರಷ್ಟೆ. ಆ ಸಪೂರ ಕೊಳವೆಯೇ ಎಲ್ಲಕ್ಕಿಂತ ಮುಂಚೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಕುಡಿದಾದ ಮೇಲೆ ಊದಿ ಅದರೊಳಗಿನ ನೀರನ್ನು ಹಿಂದಕ್ಕೆ ಕಳಿಸಬೇಕು. ರಾತ್ರಿ ಮಲಗುವ ಮುನ್ನ ಬಿಸಿನೀರಿನ ಬಾಟಲಿಯನ್ನು ಮಲಗುವ ಚೀಲದೊಳಗೆ ಕಾಲ ಬಳಿ ಇಟ್ಟುಕೊಂಡರೆ ಕಾಲಿಗೂ ಬೆಚ್ಚಗೆ, ಬೆಳಿಗ್ಗೆ ಕುಡಿಯಲೂ ಆಯಿತು. ಬಾಟಲಿಗಳು ಹೆಚ್ಚಿದ್ದರೆ ಒಂದೆರಡು ಅಡಿ ಆಳಕ್ಕೆ ಹಿಮದಲ್ಲಿಯೇ ಹೂಳುವುದುಂಟು. ಕೇಳಲು ವಿಚಿತ್ರ; ಆದರೆ ಸಡಿಲ ಹಿಮದ ತುಂಬ ಗಾಳಿಯಿರುತ್ತದೆ, ಹೊರಗಿನ ಚಳಿಯನ್ನು ಅದು ಒಳಗೆ ಬಿಡದು. ಮರದ ಹೊಟ್ಟಿನ ಕೆಲಸವನ್ನು ಹಿಮವೇ ಮಾಡುತ್ತದೆ. ಹೂತ ಜಾಗಕ್ಕೆ ಒಂದು ಕೋಲನ್ನು ನೆಡುವುದನ್ನು ಮರೆಯಬಾರದು, ಅಷ್ಟೆ.

ಸಕ್ಕರೆ ಬೆರೆಸಿದರೆ ಹೆಪ್ಪುಗಟ್ಟದಂತೆ ಎಂದು ಯಾರೋ ಅವಳಿಗೆ ಹೇಳಿದ್ದರು. ಲೀಟರಿಗೆ ನೂರು ಗ್ರಾಂ ಸಕ್ಕರೆ ಸುರಿದರೂ ಹೆಪ್ಪುಗಟ್ಟುವ ಬಿಂದು ಅರ್ಧ ಡಿಗ್ರಿಯಷ್ಟು ಇಳಿದೀತು. ಶಕ್ತಿಗಾಗಿ ಬೇಕಾದರೆ ಹಾಕಿಕೊಳ್ಳಲಿ. ಮದ್ಯದ ಮಾತು ಎತ್ತಲೇಬಾರದು. ಅದು ಹೆಪ್ಪುಗಟ್ಟುವುದಿಲ್ಲ ನಿಜ, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಬಿಸಿಯನ್ನು ಹೊರಗೆ ಚೆಲ್ಲುತ್ತದೆ. ಹಿಮವನ್ನು ಕರಗಿಸುವಾಗ ಪಾತ್ರೆಯ ತಳದಲ್ಲಿ ಸ್ವಲ್ಪ ನೀರನ್ನು ಉಳಿಸಿಕೊಂಡು ಅದರ ಮೇಲೆ ಹಿಮವನ್ನು ಹಾಕುತ್ತ ಹೋಗಬೇಕೆಂದೂ, ಬರಿಯ ಹಿಮವನ್ನು ಹಾಕಿದರೆ ತಳ ಸೀದು ನೀರಿಗೆ ಕಮಟು ಬರುವುದೆಂದೂ ಬರೆದೆ. ಹೊಸ ಹಿಮವಾದರೆ ಹತ್ತು ಪಾತ್ರೆಗೆ ಒಂದು ಪಾತ್ರೆ ನೀರು. ತಾಳ್ಮೆ ಬೇಕು.

ಈ ತಾಳ್ಮೆಯನ್ನು ಹವ್ಯಾಸಕ್ಕಾಗಿ ಅಲ್ಲ, ಕರ್ತವ್ಯವಾಗಿ ದಿನವೂ ನಡೆಸುವವರು ನಮ್ಮವರೇ ಇದ್ದಾರೆ. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತದೊಡನೆ ಭಾರತದ ಸೇನೆ ಸಿಯಾಚಿನ್ ಹಿಮನದಿಯ ಎತ್ತರಗಳಲ್ಲಿ ನೆಲೆ ನಿಂತಿತು. 18,000, 20,000 ಅಡಿಗಳ ಎತ್ತರದ ಠಾಣೆಗಳಲ್ಲಿ ಅಂದಿನಿಂದ ಇಂದಿನವರೆಗೆ ಸೈನಿಕರಿಗೆ ಕುಡಿಯುವ ನೀರೆಂದರೆ ಕರಗಿಸಿದ ಹಿಮ. ಚಳಿಗಾಲದಲ್ಲಿ ಸೊನ್ನೆಗಿಂತ 50 ಡಿಗ್ರಿ ಕೆಳಗೆ ಇಳಿಯುವ ಜಾಗ. ಸೀಮೆಎಣ್ಣೆಯ ಒಲೆಯ ಮೇಲೆ ಹಿಮದ ಗಡ್ಡೆಗಳನ್ನು ಕರಗಿಸಿ ನೀರು ಮಾಡಬೇಕು. ಮುಚ್ಚಿದ ಗೂಡಿನಲ್ಲಿ ಒಲೆಯ ಮಸಿಯನ್ನೂ ವಿಷಗಾಳಿಯನ್ನೂ ಎಚ್ಚರದಿಂದ ನಿಭಾಯಿಸಬೇಕು. ಅತಿ ಎತ್ತರದ ಠಾಣೆಗಳಿಗೆ ಎಣ್ಣೆ ಹೆಲಿಕಾಪ್ಟರಿನಲ್ಲಿಯೋ ಸೈನಿಕರ ಬೆನ್ನ ಮೇಲೆಯೋ ಬರಬೇಕು. ನಾನ್ಸೆನ್‌ರ, ಪ್ಯೂ ಅವರ ಲೆಕ್ಕವೇ ಅಲ್ಲಿಯೂ ನಡೆಯುತ್ತದೆ.

2016ರ ಫೆಬ್ರವರಿ 3ರಂದು, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಕಲ್ಲಿನಂತಹ ಹಿಮವನ್ನು ಕೊರೆದು ಶೋಧಿಸಿದ ತಂಡಕ್ಕೆ 8ರ ರಾತ್ರಿ ಒಬ್ಬರು ಜೀವಸಹಿತ ಸಿಕ್ಕಿದರು. ಅವರು ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ದೆಹಲಿಯ ಸೇನಾ ಆಸ್ಪತ್ರೆಗೆ ಕರೆತಂದಾಗ ವೈದ್ಯರು ಅವರ ಸ್ಥಿತಿಯನ್ನು ವಿವರಿಸಿದ ಪ್ರಕಟಣೆಯಲ್ಲಿ, ಮೈಬಿಸಿ ಕುಸಿದದ್ದು, ಆಮ್ಲಜನಕ ಮತ್ತು ಸಕ್ಕರೆಯ ಕೊರತೆ ಇವುಗಳ ಜತೆಗೆ, ಶರೀರದಲ್ಲಿ ನೀರು ತೀವ್ರವಾಗಿ ಬತ್ತಿಹೋಗಿದೆ ಎಂಬುದೂ ಇತ್ತು. ಆರು ದಿನ ಹಿಮದ ರಾಶಿಯ ಒಳಗೇ ಇದ್ದವರು ಅವರು. ಪತ್ರಿಕೆಯಲ್ಲಿ ಆ ಸಾಲನ್ನು ಓದಿದ ಬೆಳಗ್ಗೆ ನಾನು ಮುಂದಿನ ಪುಟ ತಿರುವಲಿಲ್ಲ. ಊರೂರುಗಳಲ್ಲಿ ಗುಡಿ, ಮಸೀದಿ, ಚರ್ಚುಗಳಲ್ಲಿ ಜನ ಅವರಿಗಾಗಿ ಪ್ರಾರ್ಥಿಸಿದರು. ಫೆಬ್ರವರಿ 11ರ ಮಧ್ಯಾಹ್ನದ ಹೊತ್ತಿಗೆ ಅವರು ತೀರಿಕೊಂಡರು. ಮರುದಿನ ಬೆಟದೂರಿನಲ್ಲಿ ಸಾವಿರಾರು ಜನರ ನಡುವೆ, ಸಕಲ ಗೌರವಗಳೊಡನೆ ಅವರನ್ನು ಮಣ್ಣು ಮಾಡಲಾಯಿತು.